ಕೋಸ್ಟರಿಕಾ, ಪೋರ್ಟೊ ರಿಕೊ: ಒಂದೇ ಪದಕ್ಕೆ ಎರಡು ಬಾಲ ಯಾಕೆ?

ಪ್ರಶ್ನೆ: ಸ್ಪ್ಯಾನಿಷ್ ಕಲಿಯಲು ಈಗಷ್ಟೇ ಶುರುಮಾಡಿದ್ದೇನೆ. ಕೋಸ್ಟರಿಕಾ ಅಂದರೆ ಸಿರಿವಂತ ಕರಾವಳಿ, ಪೋರ್ಟೊ ರಿಕೊ ಅಂದರೆ ಸಿರಿವಂತ ಬಂದರು ಅಂತೆ. ಒಂದು ಕಡೆ ‘ರಿಕಾ’, ಇನ್ನೊಂದು ಕಡೆ ‘ರಿಕೊ’ ಯಾಕೆ? ಕನ್ನಡದಲ್ಲಿ ಗುಣವಾಚಕ ಬದಲಾಗುವುದೇ ಇಲ್ಲವಲ್ಲ?

ಉತ್ತರ: ನೀವು ಹೇಳಿದ್ದು ಅರ್ಧ ನಿಜ. ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ ಅನ್ನುವಾಗ ‘ದೊಡ್ಡ’ ಅಲುಗಾಡುವುದಿಲ್ಲ, ಸರಿ. ನಾಮಪದ ತೆಗೆದು ಹೇಳಿ ನೋಡಿ: ದೊಡ್ಡವನು, ದೊಡ್ಡವಳು, ದೊಡ್ಡದು, ದೊಡ್ಡವರು. ಲಿಂಗ, ವಚನ ಎರಡೂ ಬಂದು ಅಂಟಿಕೊಂಡವು. ಸ್ಪ್ಯಾನಿಷ್‌ನಲ್ಲಿ ನಾಮಪದ ಪಕ್ಕದಲ್ಲೇ ಇದ್ದರೂ ಈ ಅಂಟು ಬಿಡುವುದಿಲ್ಲ.

‘ಕೋಸ್ತಾ’, ಅಂದರೆ ಕರಾವಳಿ, ಅಲ್ಲಿ ಸ್ತ್ರೀಲಿಂಗ; ಅದಕ್ಕೇ ರಿಕಾ. ‘ಪುವೆರ್ತೊ’, ಅಂದರೆ ಬಂದರು, ಪುಲ್ಲಿಂಗ, ಅದಕ್ಕೇ ರಿಕೊ. ಬಹುವಚನವಾದರೆ ಕೊನೆಗೊಂದು ‘ಸ್’. ಮೆಕ್ಸಿಕೊದ ಗಡಿಯಲ್ಲಿ ಪಿಯೆದ್ರಾಸ್ ನೆಗ್ರಾಸ್ ಎಂಬ ಊರಿದೆ: ಕಪ್ಪು ಕಲ್ಲುಗಳು. ಕಲ್ಲಿಗೂ ಹೆಣ್ಣು ಗಂಡೇ ಅಂತ ನಗಬೇಡಿ. ಹಿಂದಿ ಪಾಠದಲ್ಲಿ ರೋಟಿ ‘ಅಚ್ಛೀ’, ಖಾನಾ ‘ಅಚ್ಛಾ’ ಯಾಕೆ ಎಂದು ತಲೆ ಕೆರೆದುಕೊಂಡವರಿಗೆ ಇದು ಹಳೇ ತಲೆನೋವು.

ನಾಮಪದ ಕಳಚಿಬಿದ್ದರೂ ಅದರ ಗುರುತು ಉಳಿಯುತ್ತದೆ. ಅಮೆರಿಕದ ನೆವಾಡಾ ರಾಜ್ಯದ ಹೆಸರಿಗೆ ‘ಹಿಮ ಹೊದ್ದವಳು’ ಎಂದೇ ಅರ್ಥ ಹೇಳಬಹುದು. ಅದು ಸಿಯೆರಾ ನೆವಾಡಾ ಪರ್ವತಸಾಲಿನಿಂದ ಬಂದದ್ದು, ಸಿಯೆರಾ ಸ್ತ್ರೀಲಿಂಗ. ಕೊಲರಾಡೊ ‘ಕೆಂಪನೆಯವನು’, ಆ ಹೆಸರು ನದಿಯದು, ‘ರಿಯೊ’ ಪುಲ್ಲಿಂಗ. ಕಾವೇರಿಯನ್ನು ತಾಯಿ ಎನ್ನುವ ನಮಗೆ ನದಿ ಗಂಡು ಅಂದರೆ ಒಗ್ಗಿಕೊಳ್ಳಲು ಸ್ವಲ್ಪ ದಿನ ಬೇಕು.

ಹೊಸಬರು ಎಡವುವುದು ಪ್ರಾಸ ಹೊಂದಿಸಲು ಹೋಗಿ. ‘ಪ್ರೊಬ್ಲೆಮಾ’ ಆ-ಕಾರದಲ್ಲಿ ಮುಗಿದರೂ ಪುಲ್ಲಿಂಗ, ಆದ್ದರಿಂದ ಗಂಭೀರ ಸಮಸ್ಯೆ ‘ಪ್ರೊಬ್ಲೆಮಾ ಸೆರಿಯೊ’. ‘ಮಾನೊ’, ಅಂದರೆ ಕೈ, ಒ-ಕಾರದಲ್ಲಿ ಮುಗಿದರೂ ಸ್ತ್ರೀಲಿಂಗ. ತಣ್ಣನೆಯ ಕೈ ‘ಮಾನೊ ಫ್ರಿಯಾ’. ಕಿವಿಯನ್ನು ನಂಬಬೇಡಿ, ಪ್ರತಿ ನಾಮಪದವನ್ನೂ ‘ಎಲ್’ (ಪುಲ್ಲಿಂಗದ ಗುರುತು) ಅಥವಾ ‘ಲಾ’ (ಸ್ತ್ರೀಲಿಂಗದ ಗುರುತು) ಸೇರಿಸಿಯೇ ಬಾಯಿಪಾಠ ಮಾಡಿ. ‘ವೆರ್ದೆ’ (ಹಸಿರು), ‘ಅಸುಲ್’ (ನೀಲಿ) ಥರದವು ಲಿಂಗಕ್ಕೆ ಬದಲಾಗುವುದಿಲ್ಲ. ಬಹುವಚನದಲ್ಲಿ ಮಾತ್ರ ವೆರ್ದೆಸ್, ಅಸುಲೆಸ್.

ಇನ್ನು ಜಾಗದ ವಿಷಯ. ಗುಣವಾಚಕ ಸಾಮಾನ್ಯವಾಗಿ ನಾಮಪದ ಆದ ಮೇಲೆ ಬರುತ್ತದೆ, ಮೇಲಿನ ಊರುಗಳ ಹೆಸರಲ್ಲೇ ಕಾಣುತ್ತದೆ. ಕೆಲವು ನಾಮಪದಕ್ಕಿಂತ ಮೊದಲೂ ಬರುತ್ತವೆ, ಆಗ ಅರ್ಥವೇ ತಿರುಗಬಹುದು. ನನಗೆ ತುಂಬ ಇಷ್ಟವಾದ ಜೋಡಿ ಇದು: ‘ಓಂಬ್ರೆ ಪೊಬ್ರೆ’ ಅಂದರೆ ಕೈಯಲ್ಲಿ ಕಾಸಿಲ್ಲದ ಬಡವ. ‘ಪೊಬ್ರೆ ಓಂಬ್ರೆ’ ಅಂದರೆ ಬಡಪಾಯಿ. ಅವನ ಹತ್ತಿರ ದುಡ್ಡು ಕೊಳೆಯುತ್ತಾ ಬಿದ್ದಿದ್ದರೂ ಇರಬಹುದು.