ಎಫ್4 ಅಂದ್ರೆ ಯಾವ ಎಫ್4?

ಕರಾವಳಿಯಲ್ಲಿ ಮೋಟಾರ್ ಸ್ಪೋರ್ಟ್ ಅಂದ್ರೆ ಜನಕ್ಕೆ ಮೊದಲು ನೆನಪಾಗುವುದು ರ‍್ಯಾಲಿ. ರ‍್ಯಾಲಿ ಡ್ರೈವರ್ ಗೌರವ್ ಗಿಲ್ ಪಕ್ಕದಲ್ಲಿ ಕೂತು ದಾರಿ ಹೇಳಿದ ಮೂಸಾ ಶರೀಫ್ ಇಲ್ಲೇ ಕಾಸರಗೋಡಿನ ಕಡೆಯವರು. ಸಿಂಗಲ್ ಸೀಟರ್, ಅಂದ್ರೆ ಒಬ್ಬರೇ ಕೂರುವ ರೇಸ್ ಕಾರಿನ ಓಟ ನೋಡಬೇಕಾದರೆ ಮಂಗಳೂರಿನವರು ಘಾಟಿ ದಾಟಿ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕು. ಆದರೂ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಎಫ್2 ಸ್ಪ್ರಿಂಟ್ ರೇಸ್ ಗೆದ್ದಿದ್ದನ್ನು ಇಲ್ಲೂ ಜನ ಮೊಬೈಲ್‌ನಲ್ಲಿ ನೋಡಿದರು. ಈ ಕಾರುಗಳಲ್ಲಿ ಡ್ರೈವರ್ ಹತ್ತುವ ಏಣಿ ಅಂದ್ರೆ ಎಫ್4 (ಫಾರ್ಮುಲಾ 4), ಎಫ್3, ಎಫ್2, ಆಮೇಲೆ ಎಫ್1. ಇಷ್ಟೇ ಅಲ್ವಾ? ಹಾಗಾದರೆ ಫಾರ್ಮುಲಾ ರೀಜನಲ್, ಜಿಬಿ3 ಅನ್ನುವ ಸರಣಿಗಳೆಲ್ಲ ಎಲ್ಲಿಂದ ಬಂದವು? ನಮ್ಮ ‘ಫಾರ್ಮುಲಾ ಮಣಿಪಾಲ್’ ಯಾವ ಮೆಟ್ಟಿಲು?

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಅದು ಮಣಿಪಾಲದ ಎಂಐಟಿ ವಿದ್ಯಾರ್ಥಿಗಳ ತಂಡ. ಕಾರನ್ನು ತಾವೇ ಕಟ್ಟಿ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಒಯ್ಯುತ್ತಾರೆ. ಅಲ್ಲಿ ವೇಗದ ಜೊತೆ ವಿನ್ಯಾಸಕ್ಕೂ ಖರ್ಚಿನ ಲೆಕ್ಕಕ್ಕೂ ಅಂಕ ಇದೆ. ಎಂಜಿನಿಯರ್ ಆಗುವವರಿಗೆ ಒಳ್ಳೆಯ ದಾರಿ. ಡ್ರೈವರ್ ಆಗಿ ಎಫ್1ಗೆ ಹತ್ತುವ ಏಣಿಗೂ ಅದಕ್ಕೂ ಸಂಬಂಧವಿಲ್ಲ.

ಉಳಿದದ್ದು ಸ್ವಲ್ಪ ಗೋಜಲು. ಕಂಬಳದಲ್ಲಿ ನೇಗಿಲು ಕಿರಿಯ, ಹಗ್ಗ ಹಿರಿಯ ಅಂತ ಮೈಕಿನಲ್ಲಿ ಕೂಗಿದರೆ ಸಾಕು, ಕರೆಯ ಬದಿಯಲ್ಲಿ ನಿಂತವರಿಗೆ ಯಾವ ಕೋಣ ಯಾವ ವಿಭಾಗದ್ದು ಅಂತ ಗೊತ್ತಾಗುತ್ತದೆ. ಸಿಂಗಲ್ ಸೀಟರ್‌ನಲ್ಲಿ ಹೆಸರು ಕೇಳಿ ಮಟ್ಟ ಹೇಳಲು ಬರುವುದಿಲ್ಲ. ಹಿಂದೆ ಹಾಗಿರಲಿಲ್ಲ. ಎಫ್2 ಹುಟ್ಟಿದ್ದು 1948ರಲ್ಲಿ, ಎಫ್3 1950ರಲ್ಲಿ. ಅವು ಕಾರಿನ ನಿಯಮದ ಹೆಸರುಗಳು. ಆ ನಿಯಮ ಹಿಡಿದು ಬ್ರಿಟನ್, ಜರ್ಮನಿ, ಇಟಲಿ, ಜಪಾನ್ ತಮ್ಮದೇ ಎಫ್3 ನಡೆಸುತ್ತಿದ್ದವು. 1983ರಲ್ಲಿ ಐರ್ಟನ್ ಸೆನ್ನಾ ಗೆದ್ದದ್ದು ಬ್ರಿಟಿಷ್ ಎಫ್3. ಎಫ್2 1984ಕ್ಕೆ ನಿಂತಿತು, ಆ ಜಾಗಕ್ಕೆ ಎಫ್3000 ಬಂತು, 2005ಕ್ಕೆ ಜಿಪಿ2 ಬಂತು. ಇಲ್ಲಿವರೆಗೆ ಸರಿ.

ಗೊಂದಲ ಶುರುವಾಗುವುದು 2009ರಲ್ಲಿ. ಎಫ್2 ಅನ್ನುವ ಹೆಸರು ವಾಪಸ್ ಬಂತು, ಕಡಿಮೆ ಖರ್ಚಿನ ಸರಣಿಯಾಗಿ. ಆದರೆ ಅದರ ಮೇಲೆ ಜಿಪಿ2 ಇತ್ತು, ಪಕ್ಕದಲ್ಲಿ ಫಾರ್ಮುಲಾ ರೆನೋ 3.5 ಇತ್ತು. ಹೆಸರಿಗೆ ಎಫ್1ರ ಕೆಳಗಿನ ಮೆಟ್ಟಿಲು, ನಿಜಕ್ಕೂ ಅದಕ್ಕಿಂತ ಕೆಳಗೆ. 2012ಕ್ಕೆ ಅದೂ ಮುಗಿಯಿತು.

ಆಮೇಲೆ 2014. ಮ್ಯಾಕ್ಸ್ ವರ್ಸ್ಟಾಪನ್ ಕಾರ್ಟಿಂಗ್ ಮುಗಿಸಿ ಯುರೋಪಿಯನ್ ಎಫ್3ಯಲ್ಲಿ ಒಂದೇ ಸೀಸನ್ ಓಡಿಸಿದ. ಮರುವರ್ಷ 17ನೇ ವಯಸ್ಸಿಗೆ ಎಫ್1ನಲ್ಲಿದ್ದ. ಎಫ್1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೋಟಾರ್ ಸ್ಪೋರ್ಟ್‌ನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಹೊಸ ನಿಯಮ ತಂದಿತು: 2016ರಿಂದ ವಯಸ್ಸು 18 ಆಗಿರಬೇಕು, ಮೂರು ವರ್ಷದಲ್ಲಿ 40 ಅಂಕ ಗಳಿಸಿರಬೇಕು. ಯಾವ ಚಾಂಪಿಯನ್‌ಶಿಪ್‌ಗೆ ಎಷ್ಟು ಅಂಕ ಅಂತ ಒಂದು ಪಟ್ಟಿಯೂ ಬಂತು.

ಆ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ‘ಮುಂದಿನ ಎಫ್2’ ಇತ್ತು. ಅಂಥ ಸರಣಿಯೇ ಆಗ ಇರಲಿಲ್ಲ! ಹುಟ್ಟುವ ಮೊದಲೇ ಅದಕ್ಕೆ ಮೊದಲ ಸ್ಥಾನ. ಅದೇ ಪಟ್ಟಿಯಲ್ಲಿ ಸುಮಾರು 530 ಅಶ್ವಶಕ್ತಿಯ ಫಾರ್ಮುಲಾ ರೆನೋ 3.5ರ ಚಾಂಪಿಯನ್‌ಗೆ, ಅದರ ಅರ್ಧದಷ್ಟೂ ಶಕ್ತಿಯಿಲ್ಲದ ಯುರೋಪಿಯನ್ ಎಫ್3 ಚಾಂಪಿಯನ್‌ಗಿಂತ ಕಮ್ಮಿ ಅಂಕ. ಕೆವಿನ್ ಮ್ಯಾಗ್ನುಸೆನ್ 2013ರಲ್ಲಿ, ಕಾರ್ಲೋಸ್ ಸೈನ್ಸ್ 2014ರಲ್ಲಿ ರೆನೋ 3.5 ಗೆದ್ದು ನೇರ ಎಫ್1ಗೆ ಹೋದವರು. ಕಾರು ಅದೇ, ಟ್ರ್ಯಾಕ್ ಅದೇ, ಅಂಕದ ಲೆಕ್ಕದಲ್ಲಿ ಬೆಲೆ ಮಾತ್ರ ಇಳಿಯಿತು. 2015ರ ಕೊನೆಗೆ ರೆನೋ ಕೈಬಿಟ್ಟಿತು. ಹೆಸರು ಬದಲಿಸಿಕೊಂಡು ಎರಡು ವರ್ಷ ಎಳೆದು ಅದು 2017ಕ್ಕೆ ನಿಂತೇ ಹೋಯಿತು. ಅಂಕ ಕಮ್ಮಿಯಾದದ್ದೇ ಕಾರಣ ಅನ್ನುವಂತಿಲ್ಲ. ಆದರೆ ದುಡ್ಡು ಸುರಿಯುವ ಅಪ್ಪಂದಿರು ಮೊದಲು ನೋಡುವುದು ಅಂಕದ ಪಟ್ಟಿಯನ್ನೇ.

ಅದೇ 2017ರಲ್ಲಿ ಜಿಪಿ2 ಹೆಸರು ಎಫ್2 ಆಯಿತು. ಮೊದಲ ವರ್ಷ ಕಾರೂ ಹಳೆಯದೇ, ಬದಲಾದದ್ದು ಬೋರ್ಡು. 2019ರಲ್ಲಿ ಜಿಪಿ2ರ ಕೆಳಗಿನ ಮೆಟ್ಟಿಲಾಗಿದ್ದ ಜಿಪಿ3 ಮತ್ತು ಯುರೋಪಿಯನ್ ಎಫ್3 ಸೇರಿ ಇವತ್ತಿನ ಎಫ್3 ಆಯಿತು. ಕಾರಿನ ಲೆಕ್ಕದಲ್ಲಿ ನೋಡಿದರೆ ಅದು ಜಿಪಿ3ಯ ಮುಂದುವರಿಕೆ, 380 ಅಶ್ವಶಕ್ತಿ. ಹಳೆಯ ಎಫ್3ಗೆ ಹತ್ತಿರದ, 270 ಅಶ್ವಶಕ್ತಿಯ ಕಾರಿಗೆ ‘ಫಾರ್ಮುಲಾ ರೀಜನಲ್’ ಅಂತ ಹೆಸರಿಟ್ಟರು. ಆ ದರ್ಜೆಗೆ ಟಾಟುಸ್ ಕಂಪನಿ ಮಾಡಿದ ಕಾರಿನ ಮಾಡೆಲ್ ಹೆಸರಿನಲ್ಲೇ ಎಫ್3 ಅಂತ ಇದೆ, ಓಡುವುದು ರೀಜನಲ್‌ನಲ್ಲಿ. ದಶಕಗಳ ಕಾಲ ಎಫ್3 ರೇಸ್ ಅಂತಲೇ ಹೆಸರಾಗಿದ್ದ ಮಕಾವ್‌ನಲ್ಲೂ 2024ರಿಂದ ರೀಜನಲ್ ಕಾರುಗಳೇ.

ಬ್ರಿಟನ್ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ 2013ರಲ್ಲೇ ರೇಸ್ ಡ್ರೈವರ್‌ಗಳ ಕ್ಲಬ್ಬಿನ ಹೆಸರಲ್ಲಿ ಬಿಆರ್‌ಡಿಸಿ ಎಫ್4 ಅಂತ ಒಂದು ಸರಣಿ ಶುರುವಾಗಿತ್ತು. ಮರುವರ್ಷ ಎಫ್‌ಐಎ ತನ್ನದೇ ಎಫ್4 ತಂದಿತು. 2015ರಲ್ಲಿ ಆ ನಿಯಮದ ಸರಣಿ ಬ್ರಿಟನ್‌ಗೆ ಬಂದಾಗ ಹೆಸರು ಖಾಲಿ ಇರಲಿಲ್ಲ. ಹಾಗಾಗಿ ಅದು ‘ಎಂಎಸ್‌ಎ ಫಾರ್ಮುಲಾ’ ಆಯಿತು. ಮೊದಲ ಚಾಂಪಿಯನ್ ಲ್ಯಾಂಡೋ ನಾರಿಸ್. 2016ರಲ್ಲಿ ಹಳೆಯ ಎಫ್4 ಬಡ್ತಿ ಪಡೆದು ಬ್ರಿಟಿಷ್ ಎಫ್3 ಆಯಿತು, ಎಂಎಸ್‌ಎ ಫಾರ್ಮುಲಾಗೆ ಎಫ್4 ಹೆಸರು ಸಿಕ್ಕಿತು. 2021ರಲ್ಲಿ ಆ ಬ್ರಿಟಿಷ್ ಎಫ್3 ಕೂಡ ಹೆಸರು ಬಿಟ್ಟು ಜಿಬಿ3 ಆಯಿತು. ಮರುವರ್ಷ ಅದರ ಕೆಳಗೆ ಜಿಬಿ4 ಬಂತು. ಈಗ ಬ್ರಿಟನ್‌ನಲ್ಲಿ ಬ್ರಿಟಿಷ್ ಎಫ್4 ಬೇರೆ, ಜಿಬಿ4 ಬೇರೆ. ಸುಮ್ನೆ ಯಾರನ್ನು ಬೈಯೋಣ? ಒಬ್ಬೊಬ್ಬರಿಗೂ ಅವರವರ ಕಾರಣ ಇತ್ತು.

ನಮ್ಮಲ್ಲೂ ಇಂಥದ್ದೇ ಇದೆ. ಕೊಯಮತ್ತೂರಿನ ಕರಿವರ್ಧನ್ ಮಾರುತಿ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಟ್ಟಿದ್ದರಿಂದ ಇಲ್ಲಿ ಸಾಮಾನ್ಯರಿಗೂ ಸಿಂಗಲ್ ಸೀಟರ್ ಸಿಗುವಂತಾಯಿತು. ಅದೇ ಊರಿನ ಎಲ್‌ಜಿಬಿ ಫಾರ್ಮುಲಾ 4 ಈಗಲೂ ಓಡುತ್ತಿದೆ, ಸ್ವಿಫ್ಟ್‌ನ 1,300 ಸಿಸಿ ಎಂಜಿನ್, ಕೊಳವೆ ಜೋಡಿಸಿ ಮಾಡಿದ ಚಾಸಿ, ಅಂದ್ರೆ ಚೌಕಟ್ಟು. 2023ರಲ್ಲಿ ಎಫ್‌ಐಎ ಮಾನ್ಯತೆಯ ಎಫ್4 ಇಂಡಿಯನ್ ಚಾಂಪಿಯನ್‌ಶಿಪ್ ಮೊದಲ ಬಾರಿ ನಡೆಯಿತು: ಫ್ರಾನ್ಸ್‌ನ ಮಿಗಾಲ್ ಕಾರು, ಕಾರ್ಬನ್ ಫೈಬರ್ ಚಾಸಿ, ತಲೆಯ ಮೇಲೆ ರಕ್ಷಣೆಗೆ ‘ಹೇಲೋ’ ಅನ್ನುವ ಕಂಬಿ. 2024ರಲ್ಲಿ ಚೆನ್ನೈ ಬೀದಿಯಲ್ಲಿ ರಾತ್ರಿ ಓಡಿದ್ದು ಇದೇ. ಎರಡರಲ್ಲಿ ಯಾವುದು ಗೆದ್ದರೂ ಪೇಪರಿನಲ್ಲಿ ಬರುವುದು ‘ಎಫ್4 ಚಾಂಪಿಯನ್’ ಅಂತಲೇ.

ಅಂಕದ ಪಟ್ಟಿಗೆ ಈ ಗೊಂದಲ ಇಲ್ಲ. ಎಫ್‌ಐಎ ಎಫ್4 ಗೆದ್ದರೆ 12, ಎಫ್3 ಗೆದ್ದರೆ 30, ಎಫ್2ನಲ್ಲಿ ಮೊದಲ ಮೂವರಿಗೂ 40. ಎಲ್‌ಜಿಬಿಗೆ ಸೊನ್ನೆ. ಹಾಗಂತ ಎಲ್‌ಜಿಬಿ ಬೇಡ ಅಂತಲ್ಲ. ಕಾರ್ಟಿಂಗ್ ಮುಗಿಸಿದ ಮಗುವಿಗೆ ಕಾರಿನ ಹಿಡಿತ ಕಲಿಯಲು ನನ್ನ ಪ್ರಕಾರ ಅದೇ ಒಳ್ಳೆಯದು, ಖರ್ಚೂ ಎಷ್ಟೋ ಕಮ್ಮಿ. ಚೆಕ್ ಬರೆಯುವ ಮೊದಲು ‘ಇದಕ್ಕೆ ಲೈಸೆನ್ಸ್ ಅಂಕ ಎಷ್ಟು’ ಅಂತ ಕೇಳಿ. ಹೆಸರು ಆಮೇಲೆ ನೋಡಿದರಾಯಿತು, ಅದು ಮುಂದಿನ ಸೀಸನ್‌ಗೆ ಬದಲಾಗಿಯೂ ಇರಬಹುದು.