ಪಾರ್ಕಿನ್ಸನ್ಸ್‌ನಲ್ಲಿ ನರಕೋಶ ಯಾಕೆ ಸಾಯ್ತದೆ?

ಶಿರಸಿಗೆ ಬಂದಾಗೆಲ್ಲ ಜನ ಕೇಳೋದು ಒಂದೇ, "ತಂಗಿ, ಪಾರ್ಕಿನ್ಸನ್ಸ್‌ಗೆ ಮದ್ದು ಸಿಕ್ತಾ?" ಕೇಳೋರ ಮನೇಲಿ ಯಾರಿಗೋ ಕೈ ನಡುಗಿ ಮೈ ಬಿಗಿಯಾಗೋ ಆ ಮಿದುಳಿನ ಕಾಯಿಲೆ ಇರ್ತದೆ, ಹಾರಿಕೆ ಉತ್ತರ ಕೊಡೋಕೆ ಮನಸ್ಸು ಬರಲ್ಲ. ಪೋಸ್ಟ್‌ಡಾಕ್ ಆಗಿ, ಅಂದ್ರೆ ಪಿಎಚ್‌ಡಿ ಆದ್ಮೇಲೆ ಸಂಶೋಧನೆ ಮಾಡೋಳಾಗಿ, ನಾನು ಮದ್ದು ತಯಾರಿಸ್ತಿಲ್ಲ, ನರಕೋಶ ಯಾಕೆ ಸಾಯ್ತದೆ ಅಂತ ಹುಡುಕ್ತಿದೀನಿ, ಅದು ಗೊತ್ತಾಗದೆ ಕಾಯಿಲೆ ನಿಲ್ಲಿಸೋ ಮದ್ದು ಮಾಡೋದು ಕಷ್ಟ.

ಈಗಿರೋ ಲೆವೊಡೋಪಾ ಒಳ್ಳೆ ಔಷಧಿನೇ, ಮಿದುಳಲ್ಲಿ ಕಡಿಮೆಯಾದ ಡೋಪಮೈನ್ (ನರಕೋಶಗಳ ಮಧ್ಯೆ ಸಂದೇಶ ಒಯ್ಯೋ ರಾಸಾಯನಿಕ) ತುಂಬಿಕೊಡ್ತದೆ, ಬಿಗಿಯಾದ ಕೈಕಾಲು ಸಡಿಲ ಆಗ್ತದೆ. ಆದ್ರೆ ಡೋಪಮೈನ್ ಮಾಡೋ ಕೋಶಗಳು ಸಾಯೋದು ನಿಲ್ಲಲ್ಲ. (ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆ, ನಿಜ, ಆದ್ರೆ ಎಷ್ಟಿದೆ ಅನ್ನೋದು ಬೀಜದಿಂದ ಬೀಜಕ್ಕೆ ಬೇರೆ, ಡಾಕ್ಟರಿಗೆ ಹೇಳದೆ ಮಾತ್ರೆ ಜೊತೆ ದಯವಿಟ್ಟು ತಗೋಬೇಡಿ.)

ಡೋಪಮೈನ್ ಮಾಡೋ ಈ ಕೋಶಗಳಿಗೆ ಕವಲು ವಿಪರೀತ, ಬಿಡುವೇ ಇಲ್ಲ, ಹಾಗಾಗಿ ಕೋಶದೊಳಗೆ ಶಕ್ತಿ ಕೊಡೋ ಮೈಟೊಕಾಂಡ್ರಿಯಾ ಅನ್ನೋ ಭಾಗಗಳ ಮೇಲೆ ಹೊರೆ ಜಾಸ್ತಿ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಡ್ರಗ್ಸ್ ಚುಚ್ಚಿಕೊಂಡ ಕೆಲವರು ಇದ್ದಕ್ಕಿದ್ದಂತೆ ಪಾರ್ಕಿನ್ಸನ್ಸ್ ಬಂದವರ ಹಾಗೇ ಮರಗಟ್ಟಿಹೋದ್ರು, ಅದರಲ್ಲಿದ್ದ ಎಂಪಿಟಿಪಿ ಅನ್ನೋ ವಸ್ತು ಮೈಟೊಕಾಂಡ್ರಿಯಾವನ್ನೇ ಕೆಡಿಸ್ತದೆ ಅಂತ ಆಮೇಲೆ ಗೊತ್ತಾಯ್ತು. ರೊಟೆನೋನ್ ಅನ್ನೋ ಕೀಟನಾಶಕಾನೂ ಅಲ್ಲೇ ಪೆಟ್ಟು ಕೊಡೋದು, ಅದಕ್ಕೇ ತೋಟದಲ್ಲಿ ಔಷಧಿ ಹೊಡೆಯೋರಿಗೆ ಮಾಸ್ಕು, ಗ್ಲೌಸು ಹಾಕ್ಕೊಳ್ಳಿ ಅಂತ ನಾನು ಪ್ರತಿ ಸಲ ಹೇಳೋದು.

ಕೆಟ್ಟ ಮೈಟೊಕಾಂಡ್ರಿಯಾನ ಕೋಶ ಸುಮ್ನೆ ಬಿಡಲ್ಲ. ಕೊಳೆ ಬಂದ ಅಡಿಕೆ ಕೊನೆ ಗುರುತಿಸಿ ಇಳಿಸೋ ಹಾಗೆ, ಪಿಂಕ್1 ಅನ್ನೋ ಪ್ರೋಟೀನು ಕೆಟ್ಟದ್ದರ ಹೊರಮೈ ಮೇಲೆ ಜಮಾ ಆಗಿ ಪಾರ್ಕಿನ್ ಅನ್ನೋದನ್ನ ಕರೀತದೆ, ಪಾರ್ಕಿನ್ ಅದಕ್ಕೆ ಗುರುತು ಹಾಕ್ತದೆ, ಕೊನೆಗೆ ಕೋಶದ ಕಸ ಅರಗಿಸೋ ಲೈಸೊಸೋಮ್ ಅನ್ನೋ ಚೀಲ ಅದನ್ನ ಜೀರ್ಣಿಸಿಬಿಡ್ತದೆ. ಈ ಎರಡರ ಜೀನ್ ಅಪ್ಪ ಅಮ್ಮ ಇಬ್ಬರ ಕಡೆಯಿಂದ್ಲೂ ಕೆಟ್ಟೇ ಬಂದಿದ್ರೆ ಕಾಯಿಲೆ ಚಿಕ್ಕ ವಯಸ್ಸಿಗೇ ಶುರು ಆಗಬಹುದು. ಆದ್ರೆ ಹೆಚ್ಚಿನ ರೋಗಿಗಳಲ್ಲಿ ಈ ಜೀನ್‌ಗಳು ಸರಿಯಾಗೇ ಇರ್ತವೆ, ಅವರ ಕೋಶದಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಅನ್ನೋ ಪ್ರೋಟೀನು ಗಂಟುಕಟ್ಟಿರ್ತದೆ, ಮೊದಲು ಕೆಡೋದು ಯಾವುದು, ಈ ಗಂಟಾ ಮೈಟೊಕಾಂಡ್ರಿಯಾನಾ, ಅನ್ನೋದೇ ನಮ್ಮ ಸಂಶೋಧಕರ ಜಗಳ.

ರೋಗಿಯ ಚರ್ಮದ ಕೋಶವನ್ನ ಕಾಂಡಕೋಶ (ಬೇರೆ ಬೇರೆ ಬಗೆ ಕೋಶ ಆಗಬಲ್ಲ ಕೋಶ, ಸ್ಟೆಮ್ ಸೆಲ್) ಮಾಡಿ, ಅದರಿಂದ ನರಕೋಶ ಬೆಳೆಸಿ ನೋಡ್ತೀವಿ, ಅದಕ್ಕೇ ವಾರಗಟ್ಲೆ ಬೇಕು. ಬೆಳೆಸೋಕೆ ಸುಲಭವಾದ ಕ್ಯಾನ್ಸರ್ ಕೋಶದಲ್ಲಿ ಪ್ರಯೋಗ ಮಾಡಿದ್ರೆ ಬೇಗ ಆಗ್ತದೆ, ಆದ್ರೆ ಅಲ್ಲಿ ಕಂಡಿದ್ದು ನರಕೋಶದಲ್ಲೂ ಹಾಗೇ ನಡೀತದೆ ಅಂತ ನಂಬಿಕೊಂಡು ಮುಂದೆ ಹೋಗೋದು ನನ್ನ ಪ್ರಕಾರ ಸರಿಯಲ್ಲ.

ಇನ್ನೊಂದು ತೊಡಕು, ಕೈ ನಡುಗೋ ಹೊತ್ತಿಗೆ ಬಹಳಷ್ಟು ಕೋಶ ಹೋಗಿರ್ತವೆ. ಎಷ್ಟೋ ಜನರಿಗೆ ಅದಕ್ಕೂ ವರ್ಷಗಟ್ಲೆ ಮುಂಚೆನೇ ವಾಸನೆ ಗೊತ್ತಾಗೋದು ಕಡಿಮೆಯಾಗಿ, ಮಲಬದ್ಧತೆ ಶುರುವಾಗಿ, ಕನಸಲ್ಲಿ ಕೈಕಾಲು ಬೀಸೋದು ಬಂದಿರ್ತದೆ. ಇವೆಲ್ಲ ಬೇರೆ ಕಾರಣಕ್ಕೂ ಬರ್ತವೆ, ಹೆದರಬೇಡಿ, ಆದ್ರೆ ನಿದ್ದೇಲಿ ಪಕ್ಕದಲ್ಲಿದ್ದವರಿಗೆ ಹೊಡೆಯೋ ಹಾಗಾದ್ರೆ ನರರೋಗ ತಜ್ಞರಿಗೆ ಒಮ್ಮೆ ತೋರಿಸಿ.