ಕನ್ನಡ ಕಲಿತರೆ ಬೆರೆಯುತ್ತಾರಾ? ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ನಮ್ಮ ಕ್ಲಾಸಿನಲ್ಲಿ ಕೇರಳ, ಬಿಹಾರ, ಮಿಜೋರಾಂ ಕಡೆಯವರಿದ್ದಾರೆ. ಈ ಹೊರಗಿನವರು ತಮ್ಮ ತಮ್ಮವರ ಜೊತೆಗೇ ಕೂರುತ್ತಾರೆ. ಸೊಕ್ಕು ಅನಿಸುತ್ತದೆ. ಕನ್ನಡ ಕಲಿತರೆ ಸರಿಹೋಗುತ್ತಾರೆ ಅಲ್ವಾ ಸರ್?

ಉತ್ತರ: ಪ್ರತಿ ವರ್ಷ ಅಡ್ಮಿಷನ್ ಮುಗಿಯುವುದೇ ತಡ, ಈ ಪ್ರಶ್ನೆ ಹಾಜರ್. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ನಮ್ಮ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗಿಲ್ಲ.

ಕನ್ನಡ ಕಲಿಯಲಿ, ಬೇಡ ಅಂದವರು ಯಾರು? ಆಟೋಗೆ, ಕಿರಾಣಿ ಅಂಗಡಿಗೆ ಬೇಕೇ ಬೇಕು. ಆದರೆ ಭಾಷೆ ಬಂದರೆ ಗೆಳೆತನ ತಾನಾಗಿ ಬರುತ್ತದೆ ಅನ್ನುವುದು ಶುದ್ಧ ಸುಳ್ಳು. ಸಾಕ್ಷಿಗೆ ಕೇರಳದವರು ಬೇಕಿಲ್ಲ. ನಮ್ಮ ಆಳಂದದ ಹುಡುಗ ಎಂ.ಎ.ಗೆ ಮೈಸೂರಿಗೆ ಹೋಗುತ್ತಾನೆ. ಅವನದೂ ಕನ್ನಡ, ಅವರದೂ ಕನ್ನಡ. ‘ಎಲ್ಲಿಗಿ ಹೊಂಟೀರಿ?’ ಅಂದ ಕೂಡಲೇ ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ನಗು. ಮಾರನೇ ದಿನದಿಂದ ಅವನು ರಾಯಚೂರು, ಬೀದರಿನ ಹುಡುಗರ ರೂಮಿನಲ್ಲೇ. ಅವನಿಗೂ ಸೊಕ್ಕು ಅನ್ನುತ್ತೀರಾ?

‘ಹೋಗಲಿ, ಹಿಂದಿ ಇದೆಯಲ್ಲ’ ಅನ್ನುವವರು ಬೇರೆ. ಪಟ್ನಾದ ಹುಡುಗನ ಮನೆಮಾತೇ ಹಿಂದಿ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಯಾರಾದರೂ ‘ನಕ್ಕೋ’ (ಬೇಡ) ಅಂದರೆ ಅವನು ಕಣ್ಣು ಕಣ್ಣು ಬಿಡುತ್ತಾನೆ. ಅದು ದಖನಿ, ನಮ್ಮ ಕಡೆಯ ಉರ್ದು. ನಮಗೆ ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು, ಅವನಿಗೆ ಹೊಸದು.

ಎಡವುವುದು ಪದದಲ್ಲಿ ಅಲ್ಲ, ಆ ಪದ ಯಾಕೆ ಆಡುತ್ತೇವೆ ಅನ್ನುವುದರಲ್ಲಿ. ‘ಎಲ್ಲಿಗಿ ಹೊಂಟಿ?’ ಅಂದರೆ ನಮ್ಮಲ್ಲಿ ನಮಸ್ಕಾರ ಇದ್ದ ಹಾಗೆ. ‘ಇಲ್ಲೇ’ ಅಂದರೆ ಮುಗಿಯಿತು. ಮಿಜೋರಾಂನ ಐಜ್ವಾಲ್‌ನಿಂದ ಬಂದ ನನ್ನ ವಿದ್ಯಾರ್ಥಿನಿ ಮೊದಲ ತಿಂಗಳು ನಾನು ಹಾಗೆ ಕೇಳಿದಾಗಲೆಲ್ಲ ಗಾಬರಿಯಾಗಿ ಲೈಬ್ರರಿ ಕಾರ್ಡ್ ತೆಗೆದು ತೋರಿಸುತ್ತಿದ್ದಳು! ಇನ್ನು ಅವಳು ಮಾತು ಮಾತಿಗೆ ‘ಥ್ಯಾಂಕ್ಸ್’ ಅಂದರೆ ನಮ್ಮ ಹುಡುಗಿಯರಿಗೆ ಸಿಟ್ಟು: ‘ನಮ್ಮನ್ನ ಪರಕೀಯರ ಹಂಗ ನೋಡ್ತಾಳ್ರೀ ಸರ್.’ ಇಬ್ಬರೂ ಮರ್ಯಾದೆಯಿಂದಲೇ ಇದ್ದರು. ಇಬ್ಬರಿಗೂ ಬೇಜಾರು.

ತಮ್ಮವರ ಜೊತೆ ಕೂರುವುದು ರೋಗವೂ ಅಲ್ಲ. 1977ರಲ್ಲಿ ಮನಶ್ಶಾಸ್ತ್ರಜ್ಞ ಸ್ಟೀಫನ್ ಬಾಕ್ನರ್ ಮತ್ತು ಜೊತೆಗಾರರು ಹವಾಯಿಯಲ್ಲಿ ಓದುತ್ತಿದ್ದ ಬೇರೆ ದೇಶದ ವಿದ್ಯಾರ್ಥಿಗಳ ಗೆಳೆತನದ ಬಗ್ಗೆ ಬರೆದರು. ಮನಸ್ಸು ಬಿಚ್ಚಲು ತಮ್ಮ ದೇಶದವರು, ಓದು-ಕೆಲಸಕ್ಕೆ ಸ್ಥಳೀಯರು, ತಿರುಗಾಟಕ್ಕೆ ಉಳಿದ ದೇಶದವರು. ಒಂದೊಂದು ಗೆಳೆತನಕ್ಕೆ ಒಂದೊಂದು ಕೆಲಸ. ನೀವು ನೋಟ್ಸ್ ಕೊಡುವ ಗೆಳೆಯ ಆದರೆ ಅದೂ ಗೆಳೆತನವೇ, ಸಣ್ಣದು ಅಂದುಕೊಳ್ಳಬೇಡಿ.

ಹಾಗಾದರೆ ಬೆರೆಸುವುದು ಹೇಗೆ? ಉಡುಪಿನ ದಿನ, ಊಟದ ದಿನ ಮಾಡಿ ಫೋಟೊ ತೆಗೆದರೆ ಆಗದು. ಕೈಗೆ ಕೆಲಸ ಕೊಡಬೇಕು. 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್ ಶಾಲೆಗಳಲ್ಲಿ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳ ನಡುವೆ ಜಗಳ ಎದ್ದಾಗ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಪಾಠವನ್ನೇ ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಇನ್ನೊಬ್ಬರ ಮಾತು ಕೇಳದೆ ಪಾಠ ಪೂರ್ತಿ ಆಗುವುದಿಲ್ಲ. ನಾನು ಇದನ್ನೇ ತೊಗರಿ ಬೆಳೆಗಾರರ ಸರ್ವೆಗೆ ಹಾಕಿದೆ. ರೈತರ ಹತ್ತಿರ ಮಾತು ನಮ್ಮವರದು, ಲೆಕ್ಕ ಕೊಟ್ಟಾಯಂ ಹುಡುಗನದು. ಮೂರನೇ ವಾರಕ್ಕೆ ಒಂದೇ ಬುತ್ತಿಯಲ್ಲಿ ರೊಟ್ಟಿ ಮುರಿಯುತ್ತಿದ್ದರು.

‘ಹೊರಗಿನವರು’ ಅಂದಿರಲ್ಲ, ಅದಕ್ಕೆ ಕೇಳದೆಯೇ ಒಂದು ಮಾತು. ಬೀದರಿನಲ್ಲಿ 1472ರಲ್ಲಿ ದೊಡ್ಡ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಪರ್ಷಿಯಾದ ಗಿಲಾನ್‌ನಿಂದ ಬಂದವನು. ಬಹಮನಿ ದರ್ಬಾರಿನಲ್ಲಿ ಆಗಲೂ ಇದೇ ಜಗಳ: ಹೊರಗಿಂದ ಬಂದ ಆಫಾಕಿಗಳು ಒಂದು ಕಡೆ, ಇಲ್ಲಿಯ ದಖನಿಗಳು ಇನ್ನೊಂದು ಕಡೆ. ಗವಾನ್ ಇಬ್ಬರಿಗೂ ಹುದ್ದೆ ಹಂಚಿ ಸರಿದೂಗಿಸಲು ನೋಡಿದ. ಆಗದವರು ಅವನ ಮೊಹರು ಹಾಕಿಸಿ ರಾಜದ್ರೋಹದ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ ನಂಬಿದ. 1481ರಲ್ಲಿ ಗವಾನ್ ತಲೆ ಹೋಯಿತು. ಪತ್ರ ಸುಳ್ಳು ಅಂತ ಗೊತ್ತಾದಾಗ ತಡವಾಗಿತ್ತು.

ಮೆಸ್ಸಿನ ಸಾಂಬಾರಿನ ಬಗ್ಗೆ ಕೇಳಿದವರಿಗೆ ಮುಂದಿನ ವಾರ.